ಕೆಂಗೇರಿಯ ಮೂರು ನಿಲ್ದಾಣಗಳು: ರೈಲಿನಿಂದ ಇಳಿದ ಮೇಲಿನ ದಾರಿಯನ್ನು ಯೋಜಿಸುವವರು ಯಾರು?

ಉಪನಗರ ನಿವಾಸಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಕೆಂಗೇರಿ ಉಪನಗರದಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಾಸವಾಗಿದ್ದೇನೆ. ಕಚೇರಿ ಇರುವುದು ಮೆಜೆಸ್ಟಿಕ್ ಸಮೀಪದಲ್ಲಿ. ಮೆಟ್ರೊ ಮೈಸೂರು ರಸ್ತೆ ನಿಲ್ದಾಣದವರೆಗೆ ಮಾತ್ರ ಇದ್ದ ದಿನಗಳಲ್ಲಿ, ಅಂದರೆ 2015ರ ನವೆಂಬರ್‌ನಿಂದ 2021ರ ಆಗಸ್ಟ್‌ವರೆಗೆ, ನಾವೆಲ್ಲ ಬಸ್ಸಿನಲ್ಲಿ ಅಲ್ಲಿಯವರೆಗೆ ಹೋಗಿ ರೈಲು ಹತ್ತುತ್ತಿದ್ದೆವು. 2021ರ ಆಗಸ್ಟ್ 29ರಂದು ಕೆಂಗೇರಿವರೆಗಿನ ಮಾರ್ಗ ಉದ್ಘಾಟನೆಯಾಯಿತು. ನಾಯಂಡಹಳ್ಳಿ, ರಾಜರಾಜೇಶ್ವರಿ ನಗರ, ಜ್ಞಾನಭಾರತಿ, ಪಟ್ಟಣಗೆರೆ, ಕೆಂಗೇರಿ ಬಸ್ ಟರ್ಮಿನಲ್, ಕೆಂಗೇರಿ ಎಂಬ ಆರು ನಿಲ್ದಾಣಗಳ, 7.53 ಕಿ.ಮೀ. ಉದ್ದದ ಈ ಮಾರ್ಗ ನಮ್ಮ ಬದುಕನ್ನು ನಿಜವಾಗಿಯೂ ಬದಲಿಸಿತು. 2023ರ ಅಕ್ಟೋಬರ್‌ನಲ್ಲಿ ಮಾರ್ಗ ಚಲ್ಲಘಟ್ಟವನ್ನು ತಲುಪುವವರೆಗೆ ಕೆಂಗೇರಿಯೇ ಕೊನೆಯ ನಿಲ್ದಾಣವಾಗಿದ್ದರಿಂದ ಬೆಳಗ್ಗೆ ಕೂರಲು ಜಾಗವೂ ಸಿಗುತ್ತಿತ್ತು. ಇದನ್ನು ಮೊದಲೇ ಹೇಳಲು ಕಾರಣವಿದೆ. ನಾನು ಮುಂದೆ ಬರೆಯುವ ಮಾತುಗಳು ಮೆಟ್ರೊವನ್ನು ದೂರುವವನ ಮಾತುಗಳಲ್ಲ, ಅದನ್ನು ದಿನಕ್ಕೆರಡು ಬಾರಿ ಬಳಸುವವನ ಮಾತುಗಳು.

ವಿಷಯ ಇಷ್ಟು. ಕೆಂಗೇರಿ ಎಂಬ ಒಂದೇ ಊರಿನಲ್ಲಿ ಮೂರು ಬಗೆಯ ನಿಲ್ದಾಣಗಳಿವೆ. ಮೊದಲನೆಯದು ಮೈಸೂರು ಮಾರ್ಗದ ಹಳೆಯ ರೈಲು ನಿಲ್ದಾಣ. ಎರಡನೆಯದು ಕೇಂದ್ರದ ನಗರ ನವೀಕರಣ ಯೋಜನೆಯಾದ ನರ್ಮ್ ಕಾಲದಲ್ಲಿ ಕಟ್ಟಿದ ದೊಡ್ಡ ಬಸ್ ನಿಲ್ದಾಣ, ಅಂದರೆ ಟಿಟಿಎಂಸಿ. ಮೂರನೆಯದು ಮೆಟ್ರೊ, ಅದರಲ್ಲಿಯೂ ‘ಕೆಂಗೇರಿ ಬಸ್ ಟರ್ಮಿನಲ್’ ಮತ್ತು ‘ಕೆಂಗೇರಿ’ ಎಂದು ಎರಡು. ಹೊರಗಿನಿಂದ ಬಂದವರು ಯಾವ ಕೆಂಗೇರಿಯಲ್ಲಿ ಇಳಿಯಬೇಕೆಂದು ರೈಲಿನೊಳಗೆ ಅಕ್ಕಪಕ್ಕದವರನ್ನು ಕೇಳುವುದನ್ನು ನಾನು ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ರೈಲ್ವೆ ನಿಲ್ದಾಣಕ್ಕೆ ಹೋಗಬೇಕಾದವರು ಹೆಸರನ್ನು ನಂಬಿ ‘ಕೆಂಗೇರಿ’ಯವರೆಗೆ ಬಂದು, ಅಲ್ಲಿಂದ ಆಟೊ ಹುಡುಕುತ್ತಾರೆ. ಮೂರೂ ಬೇರೆ ಬೇರೆ ಸಂಸ್ಥೆಗಳವು ಮತ್ತು ಬೇರೆ ಬೇರೆ ದಶಕಗಳವು. ಒಂದನ್ನು ಕಟ್ಟುವಾಗ ಮತ್ತೊಂದು ನಕ್ಷೆಯಲ್ಲಿ ಇರಲಿಲ್ಲ, ಇದ್ದರೂ ಎದುರಿನ ಕಟ್ಟಡವಾಗಿತ್ತೇ ಹೊರತು ಅದೇ ಪ್ರಯಾಣದ ಮುಂದಿನ ಹೆಜ್ಜೆಯಾಗಿರಲಿಲ್ಲ.

ನನ್ನ ಕಳವಳ ಹಳೆಯದರ ಬಗ್ಗೆ ಅಲ್ಲ, ಮುಂದೆ ಬರಲಿರುವುದರ ಬಗ್ಗೆ. 148.17 ಕಿ.ಮೀ. ಉಪನಗರ ರೈಲು ಯೋಜನೆಯ ನಾಲ್ಕು ಮಾರ್ಗಗಳಲ್ಲಿ ‘ಪಾರಿಜಾತ’ ಮಾರ್ಗವು ಕೆಂಗೇರಿಯಿಂದ ದಂಡು ನಿಲ್ದಾಣದ ಮೂಲಕ ವೈಟ್‌ಫೀಲ್ಡ್‌ಗೆ ಹೋಗಲಿದ್ದು, ಅದರ ಉದ್ದ 35.52 ಕಿ.ಮೀ. ಎಂದು ನಿಗದಿಯಾಗಿದೆ. ಅಂದರೆ ನಮ್ಮ ಊರಿಗೆ ನಾಲ್ಕನೆಯ ನಿಲ್ದಾಣವೊಂದು ಬರಲಿದೆ. ಅದು ಕೂಡ ತನ್ನ ಪಾಡಿಗೆ ತಾನು ಬಂದು ನಿಂತುಬಿಟ್ಟರೆ, ಮುಂದಿನ ಐವತ್ತು ವರ್ಷ ನಮ್ಮ ಮಕ್ಕಳು ಒಂದರಿಂದ ಇಳಿದು ಇನ್ನೊಂದನ್ನು ಹುಡುಕುತ್ತಾ ಮೈಸೂರು ರಸ್ತೆಯ ಅಂಚಿನಲ್ಲಿ ನಡೆಯಬೇಕಾಗುತ್ತದೆ. ಕಾಂಕ್ರೀಟ್ ಬಿದ್ದ ಮೇಲೆ ಮೇಲ್ಸೇತುವೆಯ ಜಾಗ ಬದಲಿಸುವುದು ಸಾಧ್ಯವಿಲ್ಲ, ನಕ್ಷೆಯ ಹಂತದಲ್ಲಿ ಮಾತ್ರ ಸಾಧ್ಯ. ಬೈಯಪ್ಪನಹಳ್ಳಿಯ ಉದಾಹರಣೆ ಕಣ್ಣೆದುರಿಗೇ ಇದೆ. ಅಲ್ಲಿ ಮೆಟ್ರೊ 2011ರಿಂದ ಇದೆ, ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್ 2022ರ ಜೂನ್‌ನಲ್ಲಿ ಆರಂಭವಾಯಿತು. ನಗರದ ಅತ್ಯಂತ ಸುಸಜ್ಜಿತ ರೈಲು ಟರ್ಮಿನಲ್ ಮೆಟ್ರೊಗೆ ನೇರ ಕಾಲುದಾರಿಯಿಲ್ಲದೆ ತೆರೆದುಕೊಂಡಿತು. ನಮ್ಮ ಕೆಂಗೇರಿಯ ಮೆಟ್ರೊ ಓಡುವ ಅದೇ ನೇರಳೆ ಮಾರ್ಗದಲ್ಲಿ ವೈಟ್‌ಫೀಲ್ಡ್ (ಕಾಡುಗೋಡಿ) ಮತ್ತು ಕೆ.ಆರ್. ಪುರದ ಮೆಟ್ರೊ ನಿಲ್ದಾಣಗಳು ರೈಲು ನಿಲ್ದಾಣಗಳ ಮಗ್ಗುಲಲ್ಲೇ ಇವೆ. ಎರಡೂ ಬಗೆಯ ಪಾಠಗಳು ನಮ್ಮ ನಗರದಲ್ಲಿಯೇ ಸಿಗುತ್ತವೆ.

ಈ ಚರ್ಚೆಯ ಕೊನೆಗೆ ಒಂದು ಮನವಿಪತ್ರ ಸಿದ್ಧಪಡಿಸುವುದು ನನ್ನ ಉದ್ದೇಶ. ನನ್ನ ಮಟ್ಟಿಗೆ ಮುಖ್ಯವಾದ ಬೇಡಿಕೆ ವಾಹನ ನಿಲುಗಡೆಯ ಜಾಗವಲ್ಲ, ಸಮಯಕ್ಕೆ ಸರಿಯಾಗಿ ಹೊರಡುವ ಫೀಡರ್ ಬಸ್, ಅಂದರೆ ಬಡಾವಣೆಗಳಿಗೂ ಮೆಟ್ರೊ ನಿಲ್ದಾಣಕ್ಕೂ ನಡುವೆ ಓಡುವ ಬಸ್. ರೈಲಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ಪ್ರಯಾಣಕ್ಕೆ ಎರಡೂ ತುದಿಯ ನಡಿಗೆ ಮತ್ತು ಕಾಯುವಿಕೆ ಸೇರಿದಾಗ ಒಂದೂಕಾಲು ಗಂಟೆಯಾಗುತ್ತದೆಂದರೆ, ಯೋಜಕರು ಯಾವ ಭಾಗದ ಮೇಲೆ ಹಣ ಹಾಕಬೇಕು ಎಂಬುದು ಸ್ಪಷ್ಟ. ನಿಮ್ಮ ಅನುಭವಗಳನ್ನು ದಯವಿಟ್ಟು ಬರೆಯಿರಿ.


ಜ್ಞಾನಭಾರತಿ ಸಂಶೋಧನಾ ವಿದ್ಯಾರ್ಥಿನಿ

ಸರ್, ಈ ವಿಷಯವನ್ನು ಎತ್ತಿದ್ದಕ್ಕೆ ಧನ್ಯವಾದಗಳು. ನಿಮ್ಮ ಮುಖ್ಯ ಮಾತನ್ನು ಒಪ್ಪುತ್ತಲೇ ನೀವು ಬಿಟ್ಟಿರುವ ಒಂದು ಲೆಕ್ಕವನ್ನು ಸೇರಿಸಬಯಸುತ್ತೇನೆ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಗಿದೆ. 2025ರ ಫೆಬ್ರುವರಿ 9ರಿಂದ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಏರಿದೆ. ಆ ಪರಿಷ್ಕರಣೆಯಲ್ಲಿ 2 ಕಿ.ಮೀ.ವರೆಗೆ 10, 4 ಕಿ.ಮೀ.ವರೆಗೆ 20, 6 ಕಿ.ಮೀ.ವರೆಗೆ 30 ರೂಪಾಯಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದರ ನಿಗದಿಯಾಯಿತು. ನನ್ನ ಸಹಪಾಠಿಗಳಲ್ಲಿ ಹಲವರು ಸಮಯ ಹೆಚ್ಚಾದರೂ ಬಸ್ಸಿಗೇ ಮರಳಿದ್ದಾರೆ. ಅವರಿಗೆ ಮೆಟ್ರೊ ಬೇಡವೆಂದಲ್ಲ. ತಿಂಗಳ ವಿದ್ಯಾರ್ಥಿವೇತನದಲ್ಲಿ ಅದಕ್ಕೆಂದು ಹಣ ಎತ್ತಿಡುವುದು ಅವರಿಗೆ ಕಷ್ಟ. ಇಂಥವರಿಗೆ ಫೀಡರ್ ಬಸ್ ಉಚಿತವಾಗಿ ಸಿಕ್ಕರೆ ಒಟ್ಟು ಖರ್ಚಿನಲ್ಲಿ ಆಟೊದ ಪಾಲು ಪೂರ್ತಿ ಕಳೆಯುತ್ತದೆ, ಆಗ ಮೆಟ್ರೊ ಮತ್ತೆ ಕೈಗೆಟಕುತ್ತದೆ. ಆದ್ದರಿಂದ ಫೀಡರ್ ಬಸ್ಸುಗಳು ಸಾಮಾನ್ಯ ಬಸ್ಸುಗಳಾಗಿಯೇ ಇರಬೇಕು ಎಂಬ ಮಾತನ್ನು ಮನವಿಯಲ್ಲಿ ಖಂಡಿತ ಸೇರಿಸಿ. ಹವಾನಿಯಂತ್ರಿತ ಫೀಡರ್ ಕೊಟ್ಟು ‘ಗುಣಮಟ್ಟ ಹೆಚ್ಚಿಸಿದೆವು’ ಎನ್ನುವುದು ನಮಗೆ ಉಪಕಾರವಾಗುವುದಿಲ್ಲ.

ಇನ್ನೊಂದು ಮಾತು. ಜ್ಞಾನಭಾರತಿ ನಿಲ್ದಾಣ ಮೈಸೂರು ರಸ್ತೆಯ ಮೇಲಿದೆ, ಆದರೆ ವಿಶ್ವವಿದ್ಯಾಲಯದ ಆವರಣ ಸಾವಿರ ಎಕರೆಗೂ ಮಿಗಿಲಾದದ್ದು. ಗೇಟಿನಿಂದ ವಿಭಾಗಗಳಿಗೆ, ಗ್ರಂಥಾಲಯಕ್ಕೆ, ಹಾಸ್ಟೆಲಿಗೆ ಇರುವ ದಾರಿ ಬೆಳಗ್ಗೆ ಮರಗಳ ನೆರಳಿನಲ್ಲಿ ಹಿತವಾಗಿರುತ್ತದೆ, ರಾತ್ರಿ ಎಂಟರ ನಂತರ ಅದೇ ದಾರಿ ಬೇರೆಯೇ ಆಗುತ್ತದೆ. ರೈಲಿನ ಮೊದಲ ಬೋಗಿಯನ್ನು ಮಹಿಳೆಯರಿಗೆ ಮೀಸಲಿಟ್ಟಿರುವುದು ಒಳ್ಳೆಯದೇ. ಆದರೆ ನನಗೆ ಭಯವಾಗುವುದು ರೈಲಿನೊಳಗಲ್ಲ, ಇಳಿದ ಮೇಲೆ. ನಿಲ್ದಾಣದ ಬೆಳಕು ಮುಗಿಯುವ ಗೆರೆಯಿಂದ ಮೊದಲ ಬೀದಿದೀಪ ಶುರುವಾಗುವವರೆಗಿನ ಜಾಗ ಯಾರ ಹೊಣೆ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ.


ನಿವೃತ್ತ ಸಿವಿಲ್ ಎಂಜಿನಿಯರ್

ನಿಲ್ದಾಣಗಳ ನಿರ್ಮಾಣವನ್ನು ಹತ್ತಿರದಿಂದ ಕಂಡವನಾಗಿ ಕೆಲವು ವಿವರಗಳನ್ನು ಸೇರಿಸುತ್ತೇನೆ. ಇದು ಸಮರ್ಥನೆಯಲ್ಲ, ಕಾರಣ ತಿಳಿದರೆ ಬೇಡಿಕೆಯನ್ನು ಸರಿಯಾದ ಕಡೆ ಇಡಬಹುದು ಎಂಬ ಉದ್ದೇಶ ಅಷ್ಟೇ.

ಎತ್ತರಿಸಿದ ಮಾರ್ಗದ ನಿಲ್ದಾಣವನ್ನು ರಸ್ತೆಯ ನಡುವಿನ ಕಂಬಗಳ ಮೇಲೆ ಕಟ್ಟುವುದು ಭೂಸ್ವಾಧೀನ ಕಡಿಮೆಯಾಗಲಿ ಎಂಬ ಕಾರಣಕ್ಕೆ. ನಮ್ಮ ಒಂದು ಬೋಗಿ ಸುಮಾರು 21 ಮೀಟರ್ ಉದ್ದವಿರುವುದರಿಂದ ಆರು ಬೋಗಿಗಳ ರೈಲಿಗೆ 130 ಮೀಟರ್‌ನಷ್ಟು ಪ್ಲಾಟ್‌ಫಾರ್ಮ್ ಬೇಕಾಗುತ್ತದೆ. ಆ ಉದ್ದವನ್ನು ರಸ್ತೆಯ ಮೇಲೆಯೇ ಹೊಂದಿಸಿದರೆ ಭೂಮಿಯ ಪ್ರಶ್ನೆ ಬರುವುದು ಮೆಟ್ಟಿಲು, ಲಿಫ್ಟ್ ಮತ್ತು ಎಸ್ಕಲೇಟರ್ ನೆಲಕ್ಕಿಳಿಯುವ ಜಾಗಗಳಲ್ಲಿ ಮಾತ್ರ. ಸಮಸ್ಯೆಯ ಬೇರು ಇರುವುದು ಅಲ್ಲಿಯೇ. ಖಾಸಗಿ ನಿವೇಶನ ಸಿಗದಿದ್ದಾಗ ಮೆಟ್ಟಿಲು ಪಾದಚಾರಿ ಮಾರ್ಗದ ಮೇಲೆಯೇ ಇಳಿಯುತ್ತದೆ. ಪಾದಚಾರಿ ಮಾರ್ಗಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ ಹೇಳುವ ಕನಿಷ್ಠ ಅಡೆತಡೆಯಿಲ್ಲದ ಅಗಲ 1.8 ಮೀಟರ್. ಮೆಟ್ಟಿಲಿನ ಬುಡವೇ ಆ ಅಗಲವನ್ನು ನುಂಗಿದರೆ, ಪ್ರಯಾಣಿಕರು ನಿಲ್ದಾಣದಿಂದ ಹೊರಬಂದ ಮೊದಲ ಹೆಜ್ಜೆಯನ್ನೇ ವಾಹನಗಳು ಓಡುವ ರಸ್ತೆಯ ಮೇಲೆ ಇಡಬೇಕಾಗುತ್ತದೆ. ರೈಲು ಬಂದಾಗ ಒಮ್ಮೆಗೇ ಇನ್ನೂರು ಮುನ್ನೂರು ಮಂದಿ ಇಳಿಯುವ ಜಾಗದಲ್ಲಿ ಕನಿಷ್ಠ ಅಗಲ ಸಾಲುವುದೇ ಇಲ್ಲ, ಅದರ ಎರಡು ಪಟ್ಟಾದರೂ ಬೇಕು.

ವಾಹನ ನಿಲುಗಡೆಯ ವಿಷಯದಲ್ಲಿ ಉಪನಗರ ನಿವಾಸಿಯವರ ನಿಲುವು ನನಗೆ ಸರಿಯೆನಿಸುತ್ತದೆ, ಲೆಕ್ಕವೂ ಅದನ್ನೇ ಹೇಳುತ್ತದೆ. ಬಯಲು ನಿಲುಗಡೆಯಲ್ಲಿ ತಿರುಗುವ ದಾರಿಯನ್ನೂ ಸೇರಿಸಿ ಒಂದು ಕಾರಿಗೆ ಸುಮಾರು 23 ಚದರ ಮೀಟರ್ ಹಿಡಿಯುತ್ತಾರೆ. ನೂರು ಕಾರುಗಳಿಗೆ 2,300 ಚದರ ಮೀಟರ್, ಅಂದರೆ ಅರ್ಧ ಎಕರೆಗೂ ಹೆಚ್ಚು. ಅಷ್ಟು ಜಾಗ ಕೊಟ್ಟರೂ, ಕಾರಿಗೊಬ್ಬರಂತೆ ಬಂದರೆ ನೂರೇ ಪ್ರಯಾಣಿಕರು. ಸುಮಾರು 2,000 ಮಂದಿಯನ್ನು ಹೊರುವ ಆರು ಬೋಗಿಗಳ ಒಂದೇ ಒಂದು ರೈಲಿನ ಇಪ್ಪತ್ತನೇ ಒಂದು ಭಾಗ ಅದು. ಅದೇ ಅರ್ಧ ಎಕರೆಯಲ್ಲಿ 12 ಮೀಟರ್ ಉದ್ದದ ಬಸ್ಸುಗಳು ಸಾಲಾಗಿ ನಿಂತು ತಿರುಗಿಕೊಂಡು ಹೋಗುವ ತಂಗುದಾಣ ಮಾಡಿದರೆ ಒಂದು ಗಂಟೆಯಲ್ಲೇ ಅದಕ್ಕಿಂತ ಎಷ್ಟೋ ಪಟ್ಟು ಜನ ಬಂದುಹೋಗಬಹುದು.


ಬಿಡದಿಯ ನೌಕರ

ಎಂಜಿನಿಯರ್ ಸರ್ ಅವರ ಲೆಕ್ಕವನ್ನು ತಪ್ಪೆನ್ನಲಾರೆ, ಆದರೆ ಅದು ಕೆಂಗೇರಿಯೊಳಗಿನವರ ಲೆಕ್ಕ. ನಮ್ಮಂಥವರು ಬಿಡದಿ, ಕುಂಬಳಗೋಡು ಮತ್ತು ಸುತ್ತಲಿನ ಹಳ್ಳಿಗಳಿಂದ ಬರುತ್ತೇವೆ. ನಮ್ಮ ಹಳ್ಳಿಗೆ ಯಾವ ಫೀಡರ್ ಬಸ್ಸೂ ಬರುವುದಿಲ್ಲ, ಸದ್ಯಕ್ಕೆ ಬರುವಂತೆಯೂ ಕಾಣುವುದಿಲ್ಲ. ಮನೆಯಿಂದ ಬೈಕ್ ತೆಗೆದುಕೊಂಡು ಬಂದು, ಎಲ್ಲಾದರೂ ಭದ್ರವಾಗಿ ನಿಲ್ಲಿಸಿ, ರೈಲು ಹತ್ತುವುದೊಂದೇ ನಮಗಿರುವ ದಾರಿ. ವಾಹನ ನಿಲುಗಡೆ ಬೇಡವೆಂದು ಮನವಿಯಲ್ಲಿ ಬರೆದರೆ ನಾವು ಬೈಕಿನಲ್ಲೇ ನೇರವಾಗಿ ನಗರದೊಳಗೆ ಹೋಗುತ್ತೇವೆ, ಮೈಸೂರು ರಸ್ತೆಯ ದಟ್ಟಣೆ ಇನ್ನಷ್ಟು ಹೆಚ್ಚುತ್ತದೆ.

ಕಾರುಗಳ ವಿಷಯ ನೀವು ಹೇಳಿದಂತೆಯೇ ಇರಲಿ. ದ್ವಿಚಕ್ರ ವಾಹನಗಳನ್ನು ಮಾತ್ರ ಬೇರೆಯಾಗಿ ಪರಿಗಣಿಸಬೇಕೆಂಬುದು ನನ್ನ ವಿನಂತಿ. ಒಂದು ಕಾರಿನ ಜಾಗದಲ್ಲಿ ಹತ್ತರ ಹತ್ತಿರ ಬೈಕುಗಳು ನಿಲ್ಲುತ್ತವೆ. ಮೇಲೊಂದು ತಗಡಿನ ಚಾವಣಿ, ಒಂದು ಕ್ಯಾಮೆರಾ ಮತ್ತು ರಾತ್ರಿ ಕೊನೆಯ ರೈಲು ಬರುವವರೆಗೆ ಇರುವ ಒಬ್ಬ ಕಾವಲುಗಾರ, ಇಷ್ಟಿದ್ದರೆ ಸಾಕು. ಕಳೆದ ಮಳೆಗಾಲದಲ್ಲಿ ಒಂದು ನಿಲ್ದಾಣದ ಬಯಲಿನಲ್ಲಿ ನಿಲ್ಲಿಸಿದ್ದ ನನ್ನ ಬೈಕ್ ಚಕ್ರದ ಅರ್ಧದವರೆಗೆ ನೀರಿನಲ್ಲಿ ನಿಂತಿತ್ತು. ಅದನ್ನು ತಳ್ಳಿಕೊಂಡು ಮೆಕ್ಯಾನಿಕ್‌ ಹತ್ತಿರ ಹೋಗುವಷ್ಟರಲ್ಲಿ ರಾತ್ರಿ ಹನ್ನೊಂದಾಗಿತ್ತು. ವೃಷಭಾವತಿ ಪಕ್ಕದಲ್ಲೇ ಹರಿಯುವ ಈ ರಸ್ತೆಯಲ್ಲಿ ನೀರು ಎಲ್ಲಿಗೆ ಹೋಗಬೇಕೆಂದು ಯೋಚಿಸದೆ ಯಾವ ಬಯಲನ್ನೂ ನಿಲುಗಡೆಗೆ ಬಳಸಬಾರದು.

ಚಲ್ಲಘಟ್ಟದಿಂದ ಬಿಡದಿಯವರೆಗೆ ಮೆಟ್ರೊ ತರುವ ಪ್ರಸ್ತಾವವಿದೆ ಎಂದು ನಮ್ಮ ಕಡೆಯವರು ಆಸೆಯಿಂದಿದ್ದಾರೆ. ಬಂದರೆ ಸಂತೋಷ. ಅದು ಬರುವವರೆಗೆ ಬೈಕಿಗೆ ಜಾಗ ಬೇಕು.


ಉಪನಗರ ನಿವಾಸಿ

ಬಿಡದಿಯವರೇ, ನಿಮ್ಮ ಮಾತು ನ್ಯಾಯವಾದದ್ದು. ನಾನು ಮನೆಯ ಬಾಗಿಲಿಂದ ಒಂದೂವರೆ ಕಿಲೋಮೀಟರ್ ಎಂಬ ಅಳತೆಯಲ್ಲೇ ಯೋಚಿಸಿದ್ದೆ, ಹದಿನೈದು ಕಿಲೋಮೀಟರ್ ದೂರದವರನ್ನು ಮರೆತಿದ್ದೆ. ಚಾವಣಿಯಿರುವ ದ್ವಿಚಕ್ರ ನಿಲುಗಡೆಯನ್ನು ಮನವಿಯಲ್ಲಿ ಸೇರಿಸುತ್ತೇನೆ. ಊರಿನ ಅಂಚಿನಿಂದ ಬರುವವರಿಗೆ ಚಲ್ಲಘಟ್ಟ ನಿಲ್ದಾಣದಲ್ಲೇ ಹೆಚ್ಚು ಜಾಗ ಕೊಟ್ಟು, ಕೆಂಗೇರಿಯ ಎರಡು ನಿಲ್ದಾಣಗಳ ಮುಂದಿನ ಜಾಗವನ್ನು ಬಸ್ಸು ಮತ್ತು ಪಾದಚಾರಿಗಳಿಗೆ ಬಿಡುವುದು ಹೊಂದಬಹುದೇನೋ. ಮೆಟ್ರೊ ಡಿಪೊ ಕೂಡ ಚಲ್ಲಘಟ್ಟದಲ್ಲೇ ಇದೆ.


ಬಸ್ ನಿರ್ವಾಹಕ

ನಾನು ಹದಿನಾಲ್ಕು ವರ್ಷಗಳಿಂದ ಬಸ್ ನಿರ್ವಾಹಕನಾಗಿ ದುಡಿಯುತ್ತಿದ್ದೇನೆ, ಮೆಟ್ರೊ ಫೀಡರ್ ಮಾರ್ಗಗಳಲ್ಲೂ ಕೆಲಸ ಮಾಡಿದ್ದೇನೆ. ‘ಎಂಎಫ್’ ಎಂಬ ಅಕ್ಷರಗಳಿರುವ ಬೋರ್ಡನ್ನು ನೀವೆಲ್ಲ ನೋಡಿರುತ್ತೀರಿ. ಪ್ರಯಾಣಿಕರು ನಮ್ಮನ್ನು ಕೇಳುವ ಒಂದೇ ಪ್ರಶ್ನೆ: ‘ಅಣ್ಣಾ, ರೈಲು ಬಂತು, ಜನ ಇಳಿಯುತ್ತಿದ್ದಾರೆ, ಎರಡು ನಿಮಿಷ ನಿಲ್ಲಿಸಬಾರದೇ?’ ಅದಕ್ಕೆ ಉತ್ತರ ಹೇಳುವುದಕ್ಕಾಗಿಯೇ ಬರೆಯುತ್ತಿದ್ದೇನೆ.

ನಮ್ಮ ದಿನವೆಲ್ಲ ಷೆಡ್ಯೂಲಿನ ಮೇಲೆ ನಡೆಯುತ್ತದೆ. ಇಷ್ಟು ಟ್ರಿಪ್, ಇಷ್ಟು ಗಂಟೆಗೆ ಹೊರಡಬೇಕು, ಇಷ್ಟಕ್ಕೆ ಮುಟ್ಟಬೇಕು ಎಂದು ಡಿಪೊದಿಂದಲೇ ನಿಗದಿಯಾಗಿರುತ್ತದೆ. ಒಂದು ಟ್ರಿಪ್ಪಿನಲ್ಲಿ ಐದು ನಿಮಿಷ ತಡವಾದರೆ ಕೊನೆಯ ಟ್ರಿಪ್ ಹೊತ್ತಿಗೆ ಅದು ಅರ್ಧ ಗಂಟೆಯಾಗುತ್ತದೆ. ಆಗ ಒಂದು ಟ್ರಿಪ್ಪನ್ನೇ ಬಿಡಬೇಕಾಗುತ್ತದೆ, ಕಾದವರು ಕಾಯುತ್ತಲೇ ಉಳಿಯುತ್ತಾರೆ. ಎರಡು ನಿಮಿಷ ನಿಲ್ಲಿಸಲು ನಮಗೆ ಮನಸ್ಸಿಲ್ಲವೆಂದಲ್ಲ. ನಿಲ್ಲುವ ಹೊತ್ತನ್ನು ಷೆಡ್ಯೂಲಿನಲ್ಲೇ ಬರೆದುಕೊಟ್ಟರೆ ನಾವು ನಿಲ್ಲುತ್ತೇವೆ.

ಎರಡನೆಯದು ಜಾಗ. ಮೆಟ್ಟಿಲಿನ ಕೆಳಗೆ ಬಸ್ಸಿಗೆಂದು ಬೇರೆ ಬೇ (ರಸ್ತೆಯಿಂದ ಒಳಗಾಗಿ ನಿಲ್ಲುವ ಜಾಗ) ಇಲ್ಲದ ಕಡೆ ನಾವು ಮುಖ್ಯರಸ್ತೆಯಲ್ಲೇ ನಿಲ್ಲಬೇಕು. ಹಿಂದಿನ ವಾಹನಗಳು ಹಾರನ್ ಹಾಕುತ್ತವೆ, ಆಟೊಗಳು ಅಡ್ಡ ನಿಂತಿರುತ್ತವೆ, ವಯಸ್ಸಾದವರು ರಸ್ತೆಯ ನಡುವೆಯೇ ಹತ್ತುತ್ತಾರೆ. ಅಂಥ ಜಾಗದಲ್ಲಿ ಎರಡು ನಿಮಿಷ ನಿಲ್ಲುವುದೆಂದರೆ ಅಪಘಾತವನ್ನು ಆಹ್ವಾನಿಸಿದಂತೆ. ಮೂರನೆಯದು ಬಸ್ಸಿನ ಗಾತ್ರ. ಬಡಾವಣೆಗಳ ಅಡ್ಡರಸ್ತೆಗಳಲ್ಲಿ ಎರಡೂ ಬದಿ ಕಾರುಗಳು ನಿಂತಿರುವಾಗ 12 ಮೀಟರ್ ಬಸ್ಸನ್ನು ತಿರುಗಿಸುವುದು ಯಾವ ಚಾಲಕನಿಗೂ ಸುಲಭವಲ್ಲ. ಆದ್ದರಿಂದಲೇ ಫೀಡರ್ ಬಸ್ಸುಗಳು ದೊಡ್ಡ ರಸ್ತೆಗಳಲ್ಲೇ ಓಡುತ್ತವೆ, ಜನ ಇರುವುದು ಅಡ್ಡರಸ್ತೆಗಳಲ್ಲಿ. ಚಿಕ್ಕ ಬಸ್ಸು ಬೇಕೆಂದು ದಯವಿಟ್ಟು ಸ್ಪಷ್ಟವಾಗಿ ಬರೆಯಿರಿ.


ನಿವೃತ್ತ ಸಿವಿಲ್ ಎಂಜಿನಿಯರ್

ನಿರ್ವಾಹಕರ ಮಾತು ಇಡೀ ಚರ್ಚೆಗೆ ದಾರಿ ತೋರಿಸಿದೆ ಎಂದು ನನಗನ್ನಿಸುತ್ತದೆ. ಅವರ ಅನುಭವದಿಂದ ಹೊರಡುವ ಒಂದು ಸೂತ್ರವನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ.

ಬೆಳಗಿನ ಫೀಡರ್ ಬೇರೆ, ಸಂಜೆಯ ಫೀಡರ್ ಬೇರೆ. ಬೆಳಗ್ಗೆ ಬಸ್ಸಿನಿಂದ ರೈಲಿಗೆ ಹೋಗುವವರು ಬಸ್ಸು ಯಾವಾಗ ಮುಟ್ಟಿದರೂ ಕೆಲವೇ ನಿಮಿಷಗಳಲ್ಲಿ ಒಂದು ರೈಲನ್ನು ಹಿಡಿಯುತ್ತಾರೆ, ಯಾಕೆಂದರೆ ರೈಲುಗಳು ಪದೇ ಪದೇ ಬರುತ್ತವೆ. ಸಂಜೆ ಇದು ತಲೆಕೆಳಗಾಗುತ್ತದೆ. ರೈಲಿನಿಂದ ಇಳಿದವರು ಹತ್ತಬೇಕಾದ ಬಸ್ಸು ಇಪ್ಪತ್ತು ಅಥವಾ ಮೂವತ್ತು ನಿಮಿಷಕ್ಕೊಮ್ಮೆ ಹೊರಡುವುದು, ಒಂದು ನಿಮಿಷದಲ್ಲಿ ತಪ್ಪಿದರೂ ಅರ್ಧ ಗಂಟೆ ಕಾಯಬೇಕು. ಆದ್ದರಿಂದ ಕಾಯುವ ಹೊತ್ತನ್ನು ಷೆಡ್ಯೂಲಿನಲ್ಲಿ ಸೇರಿಸಬೇಕಾದದ್ದು ಸಂಜೆಯ ಮತ್ತು ರಾತ್ರಿಯ ಟ್ರಿಪ್ಪುಗಳಿಗೆ ಮಾತ್ರ. ಇಡೀ ದಿನಕ್ಕೆ ಸೇರಿಸಿದರೆ ಬಸ್ಸುಗಳ ಸಂಖ್ಯೆ ಹೆಚ್ಚಬೇಕಾಗುತ್ತದೆ, ಸಂಜೆಗೆ ಮಾತ್ರ ಸೇರಿಸಿದರೆ ಖರ್ಚು ಬಹಳ ಕಡಿಮೆ.

ರೈಲೇ ವಿರಳವಾಗಿರುವ ಕಡೆ ಲೆಕ್ಕ ಬೇರೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರದ ಹಳದಿ ಮಾರ್ಗ ಆರಂಭವಾದಾಗ ಮೂರೇ ರೈಲುಗಳಿದ್ದು 25 ನಿಮಿಷಕ್ಕೊಂದರಂತೆ ಓಡುತ್ತಿದ್ದವು. ಅಂಥ ಮಾರ್ಗದಲ್ಲಿ ಬೆಳಗಿನ ಬಸ್ಸನ್ನೂ ರೈಲಿನ ಸಮಯಕ್ಕೆ ಹೊಂದಿಸಲೇಬೇಕಾಗುತ್ತದೆ. ನಮ್ಮ ಪಶ್ಚಿಮ ತುದಿಯಲ್ಲಿ ದಟ್ಟಣೆಯ ಹೊತ್ತಿನ ಹೆಚ್ಚುವರಿ ರೈಲುಗಳು ಮೆಜೆಸ್ಟಿಕ್‌ನಿಂದ ಪೂರ್ವಕ್ಕೆ ಹೋಗುವುದರಿಂದ ಇಲ್ಲಿಯ ಅಂತರ ಪೂರ್ವದ ಕಡೆಗಿಂತ ಹೆಚ್ಚು. ಆದರೂ ಅದು ಬಸ್ಸಿನ ಅಂತರಕ್ಕಿಂತ ಎಷ್ಟೋ ಕಡಿಮೆ.

ಇದಕ್ಕೊಂದು ಸರಳ ಪೂರಕವಿದೆ. ಟಿಕೆಟ್ ಗೇಟಿನ ಮೇಲೆ, ಪ್ರಯಾಣಿಕರು ಹೊರಬರುವ ಕಡೆ ಒಂದು ಫಲಕವಿಟ್ಟು, ಯಾವ ಮಾರ್ಗದ ಬಸ್ಸು ಯಾವ ಬದಿಯಲ್ಲಿ ಎಷ್ಟು ನಿಮಿಷದಲ್ಲಿ ಹೊರಡುತ್ತದೆ ಎಂದು ಕನ್ನಡದಲ್ಲಿ ತೋರಿಸಬೇಕು. ಬಸ್ಸು ಎಡಬದಿಯಲ್ಲಿದೆಯೋ ಬಲಬದಿಯಲ್ಲಿದೆಯೋ ತಿಳಿಯದೆ ಒಂದು ಕಡೆ ಇಳಿದು, ಮತ್ತೆ ಹತ್ತಿ, ಇನ್ನೊಂದು ಕಡೆ ಇಳಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ.


ತಂದೆಯೊಡನೆ ಪ್ರಯಾಣಿಸುವವರು

ನನ್ನ ತಂದೆಗೆ ಎಪ್ಪತ್ತೊಂಬತ್ತು ವರ್ಷ, ಪಾರ್ಶ್ವವಾಯುವಿನ ನಂತರ ಗಾಲಿಕುರ್ಚಿಯಲ್ಲಿದ್ದಾರೆ. ಪ್ರತಿ ಮೂರು ವಾರಕ್ಕೊಮ್ಮೆ ಅವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ರೈಲಿನೊಳಗೆ ನಮಗೆ ಎಂದೂ ತೊಂದರೆಯಾಗಿಲ್ಲ. ಗಾಲಿಕುರ್ಚಿಗೆ ಜಾಗವಿದೆ, ಸಿಬ್ಬಂದಿ ಗೌರವದಿಂದ ನಡೆದುಕೊಳ್ಳುತ್ತಾರೆ, ಜನರೂ ಎದ್ದು ದಾರಿ ಬಿಡುತ್ತಾರೆ.

ಒಂದು ನಿಲ್ದಾಣದಲ್ಲಿ ನಾವು ಇಳಿಯಬೇಕಿದ್ದ ಬದಿಯ ಲಿಫ್ಟ್ ಕೆಟ್ಟಿತ್ತು. ಎದುರು ಬದಿಯ ಲಿಫ್ಟಿನಲ್ಲಿ ಇಳಿದೆವು. ಹಾಗಾಗಿ ಆರು ಪಥಗಳ ರಸ್ತೆಯನ್ನು ನೆಲದ ಮೇಲೆಯೇ ದಾಟಬೇಕಾಯಿತು. ಹತ್ತಿರದಲ್ಲಿ ಸಿಗ್ನಲ್ ಇರಲಿಲ್ಲ, ನಡುವಿನ ವಿಭಜಕದಲ್ಲಿ ಗಾಲಿಕುರ್ಚಿ ಹೋಗುವಷ್ಟು ಕಿಂಡಿಯೂ ಇರಲಿಲ್ಲ. ಇಬ್ಬರು ಯುವಕರು ಬಂದು ತಂದೆಯವರನ್ನು ಕುರ್ಚಿಸಮೇತ ಎತ್ತಿ ದಾಟಿಸಿದರು. ಆ ದಿನ ತಂದೆ ಮನೆಗೆ ಬಂದ ಮೇಲೆ ‘ಇನ್ನು ಆಟೊದಲ್ಲೇ ಹೋಗೋಣ’ ಎಂದರು. ಅವರಿಗಾದ ನೋವು ದೇಹದ್ದಲ್ಲ.

ನನ್ನ ಕೋರಿಕೆ ಎರಡೇ. ಲಿಫ್ಟ್ ಕೆಟ್ಟಿದ್ದರೆ ಆ ಸುದ್ದಿ ರೈಲು ಹತ್ತುವ ನಿಲ್ದಾಣದಲ್ಲೇ ನಮಗೆ ತಿಳಿಯಬೇಕು, ಇಳಿದ ಮೇಲಲ್ಲ. ಮತ್ತು ದೃಷ್ಟಿಹೀನರಿಗಾಗಿ ನಿಲ್ದಾಣದೊಳಗೆ ಹಾಕುವ ಉಬ್ಬುಗೆರೆಯ ಹಾಸು ನಿಲ್ದಾಣದ ಹೊಸ್ತಿಲಿಗೆ ನಿಲ್ಲಬಾರದು, ಬಸ್ ನಿಲ್ಲುವ ಜಾಗದವರೆಗೆ ಮುಂದುವರಿಯಬೇಕು. ಹೊಸ್ತಿಲಿನಲ್ಲಿ ಅದು ಮುಗಿದರೆ, ಅದನ್ನು ನಂಬಿ ಅಲ್ಲಿಯವರೆಗೆ ಬಂದವರು ಮುಂದೆ ಎತ್ತ ಹೋಗಬೇಕು?


ಸಿಂಗಪುರ ಕನ್ನಡಿಗ

ಅಕ್ಕ ಬರೆದದ್ದನ್ನು ಓದಿ ಬಹಳ ಹೊತ್ತು ಸುಮ್ಮನೆ ಕುಳಿತೆ. ನಾನು ರಾಜರಾಜೇಶ್ವರಿ ನಗರದಲ್ಲಿ ಬೆಳೆದವನು, ಈಗ ಹನ್ನೊಂದು ವರ್ಷಗಳಿಂದ ಸಿಂಗಪುರದಲ್ಲಿದ್ದೇನೆ. ಇಲ್ಲಿ 2013ರಲ್ಲಿ ಒಂದು ಯೋಜನೆ ಪ್ರಕಟವಾಯಿತು. ಪ್ರತಿ ರೈಲು ನಿಲ್ದಾಣದ ಸುತ್ತ 400 ಮೀಟರ್ ಒಳಗಿರುವ ಶಾಲೆ, ಆಸ್ಪತ್ರೆ, ಸಾರ್ವಜನಿಕ ಕಟ್ಟಡಗಳಿಗೆ ಚಾವಣಿಯಿರುವ ಕಾಲುದಾರಿ ಕಟ್ಟುವುದು ಅದರ ಗುರಿಯಾಗಿತ್ತು. ಐದೇ ವರ್ಷದಲ್ಲಿ ಇಂಥ ದಾರಿಗಳ ಒಟ್ಟು ಉದ್ದ 200 ಕಿ.ಮೀ. ದಾಟಿತು. ಹಣವಂತ ದೇಶದ ಮಾತೆಂದು ಇದನ್ನು ಬದಿಗಿಡಬೇಡಿ. ಇಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಚಾವಣಿಯಲ್ಲ, 400 ಮೀಟರ್ ಎಂಬ ಗೆರೆ. ಆ ಗೆರೆಯೊಳಗಿನ ಕಾಲುದಾರಿಯ ಹೊಣೆ ಒಂದೇ ಸಂಸ್ಥೆಯದ್ದು.


ಜ್ಞಾನಭಾರತಿ ಸಂಶೋಧನಾ ವಿದ್ಯಾರ್ಥಿನಿ

ನಾನು ಮೊದಲ ಪತ್ರದಲ್ಲಿ ಕೇಳಿದ್ದೂ ಇದನ್ನೇ. ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರಕ್ಕಾಗಿ ರಾಜ್ಯ ವಿಧಾನಮಂಡಲ 2022ರಲ್ಲೇ ಮಸೂದೆಯನ್ನು ಅಂಗೀಕರಿಸಿದೆ. ಬಸ್ಸು, ಮೆಟ್ರೊ, ಉಪನಗರ ರೈಲು, ರಸ್ತೆ ಇವೆಲ್ಲವನ್ನೂ ಒಂದೇ ಮೇಜಿನ ಮುಂದೆ ಕೂರಿಸುವುದು ಅದರ ಆಶಯ. ಹಾಗಾದರೆ ನಮ್ಮ ಮನವಿಯ ವಿಳಾಸ ಮೆಟ್ರೊ ಕಚೇರಿಯೊಂದೇ ಆಗಬಾರದು. ಒಂದೇ ಪತ್ರವನ್ನು ಪ್ರಾಧಿಕಾರಕ್ಕೆ ಬರೆದು, ಪ್ರತಿಗಳನ್ನು ಮೆಟ್ರೊ, ಬಸ್ಸು ಮತ್ತು ಉಪನಗರ ರೈಲು ಕಟ್ಟುವ ಕೆ-ರೈಡ್ ಸಂಸ್ಥೆಗಳಿಗೆ ಕಳಿಸಬೇಕು. ಇಲ್ಲದಿದ್ದರೆ ಪ್ರತಿಯೊಬ್ಬರೂ ಮುಂದಿನ ಮೇಜನ್ನು ತೋರಿಸುತ್ತಾರೆ.

ಇನ್ನೊಂದು ಸಣ್ಣ ವಿಷಯವನ್ನು ಸೇರಿಸಿಬಿಡುತ್ತೇನೆ. 2025ರ ಜನವರಿ 13ರಿಂದ ಸೋಮವಾರಗಳಂದು ಮೊದಲ ರೈಲು ಬೆಳಗಿನ 5ರ ಬದಲು 4.15ಕ್ಕೆ ಹೊರಡುತ್ತದೆ. ಊರಿಗೆ ಹೋಗಿ ಸೋಮವಾರ ನಸುಕಿನಲ್ಲಿ ಮರಳುವವರಿಗೆ ಇದು ಬಹಳ ಒಳ್ಳೆಯ ವ್ಯವಸ್ಥೆ, ಮೈಸೂರು ಕಡೆಯಿಂದ ಬರುವ ನನ್ನಂಥವರಿಗಂತೂ ದೊಡ್ಡ ಉಪಕಾರ. ಆ ಹೊತ್ತಿಗೆ ಒಂದೆರಡು ಫೀಡರ್ ಬಸ್ಸುಗಳೂ ಹೊರಟರೆ ಆ ವ್ಯವಸ್ಥೆ ಪೂರ್ಣವಾಗುತ್ತದೆ.


ಉಪನಗರ ನಿವಾಸಿ

ನಾಲ್ಕು ದಿನಗಳಿಂದ ನೀವೆಲ್ಲ ಬರೆದದ್ದನ್ನು ಎರಡೆರಡು ಬಾರಿ ಓದಿದೆ. ಮನವಿಯ ಕರಡನ್ನು ಬದಲಿಸಿದ್ದೇನೆ. ‘ಫೀಡರ್ ಬಸ್ ಬೇಕು’ ಎಂದು ನಾನು ಮೊದಲು ಬರೆದಿದ್ದ ಸಾಲು ಈಗ ಹೀಗಿದೆ: ‘ಸಂಜೆ ಐದರಿಂದ ಕೊನೆಯ ರೈಲಿನವರೆಗಿನ ಫೀಡರ್ ಟ್ರಿಪ್ಪುಗಳಿಗೆ ಷೆಡ್ಯೂಲಿನಲ್ಲೇ ಕಾಯುವ ಸಮಯ ನಿಗದಿಪಡಿಸಬೇಕು, ಅಡ್ಡರಸ್ತೆಗಳಲ್ಲಿ ಓಡಬಲ್ಲ ಚಿಕ್ಕ ಸಾಮಾನ್ಯ ಬಸ್ಸುಗಳನ್ನು ಬಳಸಬೇಕು, ಅವು ನಿಲ್ಲಲು ಮುಖ್ಯರಸ್ತೆಯಿಂದ ಒಳಗಾದ ಬೇ ಕಟ್ಟಬೇಕು.’ ನಿರ್ವಾಹಕರು ಬರೆಯದೇ ಇದ್ದಿದ್ದರೆ ಈ ಸಾಲು ನನಗೆ ಹೊಳೆಯುತ್ತಿರಲಿಲ್ಲ. ಚಾವಣಿಯಿರುವ ದ್ವಿಚಕ್ರ ನಿಲುಗಡೆ, ಲಿಫ್ಟಿನ ಸ್ಥಿತಿಯನ್ನು ಎಲ್ಲ ನಿಲ್ದಾಣಗಳಲ್ಲಿ ತೋರಿಸುವ ವ್ಯವಸ್ಥೆ, 400 ಮೀಟರ್ ಗೆರೆಯೊಳಗಿನ ದೀಪ ಮತ್ತು ಕಾಲುದಾರಿಗೆ ಒಂದೇ ಹೊಣೆಗಾರ ಸಂಸ್ಥೆ, ಇವೂ ಸೇರಿವೆ. ಹೆಸರಿನ ಗೊಂದಲಕ್ಕೆ ಹೊಸ ಹೆಸರು ಕೇಳುವುದಕ್ಕಿಂತ, ರೈಲಿನೊಳಗಿನ ಪ್ರಕಟಣೆಯಲ್ಲಿ ‘ರೈಲ್ವೆ ನಿಲ್ದಾಣಕ್ಕೆ ಹೋಗುವವರು ಇಲ್ಲಿ ಇಳಿಯಿರಿ’ ಎಂಬ ಒಂದು ವಾಕ್ಯ ಸೇರಿಸಿ ಎಂದು ಕೇಳುವುದು ಸುಲಭವೆನಿಸಿತು.

ಎಲ್ಲಕ್ಕಿಂತ ಮೇಲೆ ಇಟ್ಟಿರುವುದು ಪಾರಿಜಾತ ಮಾರ್ಗದ ಬೇಡಿಕೆ. ಉಪನಗರ ರೈಲಿನ ಕೆಂಗೇರಿ ನಿಲ್ದಾಣದ ನಕ್ಷೆ ಅಂತಿಮಗೊಳ್ಳುವ ಮೊದಲೇ ಅದರಿಂದ ಬಸ್ ನಿಲ್ದಾಣಕ್ಕೂ ಮೆಟ್ರೊಗೂ ಗಾಲಿಕುರ್ಚಿ ಹೋಗಬಲ್ಲ ನೇರ ಕಾಲುದಾರಿ ನಕ್ಷೆಯಲ್ಲಿ ಇರಬೇಕು. ನಾಯಂಡಹಳ್ಳಿ ಮತ್ತು ಜ್ಞಾನಭಾರತಿಯಲ್ಲೂ ಮೈಸೂರು ಹಳಿ ಮತ್ತು ಮೆಟ್ರೊ ಹತ್ತಿರ ಹತ್ತಿರವೇ ಸಾಗುವುದರಿಂದ ಅಲ್ಲಿಗೂ ಇದೇ ಮಾತನ್ನು ಬರೆದಿದ್ದೇನೆ.

ಪತ್ರಕ್ಕೆ ಬಲ ಬರಬೇಕಾದರೆ ಅಳತೆಗಳು ಬೇಕು. ಇದೇ ಭಾನುವಾರ ಬೆಳಗ್ಗೆ 7ಕ್ಕೆ, ಭಾನುವಾರದ ಮೊದಲ ರೈಲು ಹೊರಡುವ ಹೊತ್ತಿಗೆ, ಕೆಂಗೇರಿ ಬಸ್ ಟರ್ಮಿನಲ್ ಮೆಟ್ರೊ ನಿಲ್ದಾಣದ ಕೆಳಗೆ ಸೇರೋಣ. ಅಲ್ಲಿಂದ ರೈಲ್ವೆ ನಿಲ್ದಾಣದವರೆಗೆ ಜನ ನಡೆಯುವ ದಾರಿಯಲ್ಲೇ ನಡೆದು, ಪ್ರತಿ ಐವತ್ತು ಮೀಟರಿಗೊಮ್ಮೆ ಪಾದಚಾರಿ ಮಾರ್ಗದ ಅಗಲವನ್ನೂ ಏರುತಗ್ಗುಗಳನ್ನೂ ಬರೆದುಕೊಳ್ಳೋಣ. ಎಂಜಿನಿಯರ್ ಸರ್ ಬಂದರೆ ಅಳತೆ ತಪ್ಪುವುದಿಲ್ಲ.


ನಿವೃತ್ತ ಸಿವಿಲ್ ಎಂಜಿನಿಯರ್

ಖಂಡಿತ ಬರುತ್ತೇನೆ. ಮೂವತ್ತು ಮೀಟರ್ ಟೇಪು ಮನೆಯಲ್ಲಿದೆ.


ತಂದೆಯೊಡನೆ ಪ್ರಯಾಣಿಸುವವರು

ನಾನೂ ಬರುತ್ತೇನೆ. ತಂದೆಯವರು ಬರುವುದು ಕಷ್ಟ, ಆದರೆ ಅವರ ಗಾಲಿಕುರ್ಚಿಯನ್ನು ತರುತ್ತೇನೆ. ಯಾರಾದರೂ ಒಬ್ಬರು ಅದರಲ್ಲಿ ಕುಳಿತರೆ ದಾರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಬರೆದುಕೊಳ್ಳಬಹುದು.


ಬಸ್ ನಿರ್ವಾಹಕ

ನನಗೆ ಶನಿವಾರ ರಾತ್ರಿ ಪಾಳಿ ಇದೆ, ಡಿಪೊದಿಂದ ನೇರವಾಗಿ ಅಲ್ಲಿಗೇ ಬರುತ್ತೇನೆ. ಬಸ್ಸಿಗೆ ಬೇ ಎಲ್ಲಿ ಹೊಂದುತ್ತದೆ ಎಂಬುದನ್ನು ಚಾಲಕರೊಬ್ಬರು ನೋಡಿ ಹೇಳಿದರೆ ಒಳ್ಳೆಯದು, ಅವರನ್ನೂ ಕರೆತರುತ್ತೇನೆ.